ಮನೆಯಲ್ಲಿ ಯಾರೂ ಸತ್ತಿರಲಿಲ್ಲ

ಬೆಳಕವಾಡಿ
10–3–2024

ತಮ್ಮ ಪುಟ್ಟರಾಜುವಿಗೆ ಅಕ್ಕ ನಾಗಮಣಿಯ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ತೀರ್ಪು ಕೇಳಿಕೊಂಡು ಬಂದ ದಿನದಿಂದ ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಒಳಕೋಣೆಗೆ ಹೋಗಿಬಿಡುತ್ತೇನೆ. ಜೈಲಿನಿಂದ ಫೋನು ಮಾಡಬಹುದಂತೆ. ಆದರೆ ಅದು ಬರುವುದು ನಿನ್ನ ಭಾವನ ಮೊಬೈಲಿಗೆ, ಅವರು ಪಕ್ಕದಲ್ಲೇ ನಿಂತಿರುತ್ತಾರೆ, ಆ ಕಡೆ ನಿನ್ನ ಪಕ್ಕದಲ್ಲೂ ಯಾರೋ ನಿಂತಿರುತ್ತಾರೆ. ಅದಕ್ಕೇ ಕಾಗದ. ಕಾಗದವನ್ನೂ ಒಡೆದು ಓದಿಯೇ ಕೊಡುತ್ತಾರೆ ಎಂದು ವಕೀಲರು ಹೇಳಿದರು. ಹಾಗಾಗಿ ಕೆಲವನ್ನು ಬರೆಯುವುದಿಲ್ಲ, ನೀನೇ ತಿಳಿದುಕೋ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದರೆ ಸರಿಮಾಡಿ ಓದಿಕೋ.

ತೀರ್ಪನ್ನು ದೀಪಿಕ ಓದಿ ಹೇಳಿದಳು. ತನ್ನ ಮಾವನನ್ನು ಸಾಯುವವರೆಗೆ ನೇಣು ಹಾಕಬೇಕು ಎನ್ನುವಲ್ಲಿಗೆ ಬಂದಾಗ ಹುಡುಗಿ ಹಾಳೆ ಕೆಳಗಿಟ್ಟಳು. ಅದಕ್ಕೆ ಮುಂಚೆ ಒಂದು ಮಾತಿದೆ. ‘ಪ್ರಕೃತಿಗೆ ವಿರುದ್ಧವಾದ ಆಸೆಗೆ ದಾಸನಾದ ಇಂಥವನು ಮುಂದೆ ತಿದ್ದಿಕೊಳ್ಳುತ್ತಾನೆಂದು ನಂಬಲು ಆಧಾರವಿಲ್ಲ.’ ಅದನ್ನು ನಿನ್ನ ಭಾವ ಎರಡನೇ ಸಲ ಓದಲು ಬಿಡಲಿಲ್ಲ. ಇನ್ನೂ ಒಂದಿದೆ. ‘ಆರೋಪಿಯು ಗುರುತು ಮರೆಸಲು ತಲೆ, ಮೀಸೆ ಬೋಳಿಸಿಕೊಂಡು ಪರಾರಿಯಾಗುವ ಯತ್ನದಲ್ಲಿದ್ದ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಸತ್ತಿರಲಿಲ್ಲವೆಂದು ಆತನ ಸ್ವಂತ ಅಕ್ಕನೇ ನುಡಿದಿದ್ದಾಳೆ.’

ಸ್ವಂತ ಅಕ್ಕ. ಕಿವಿಯಲ್ಲಿ ಅದೇ ತಿರುಗುತ್ತಿದೆ. ಪುಟ್ಟ, ನೀನು ಕಟಕಟೆಯಲ್ಲಿ ನಿಂತು ಕೇಳುತ್ತಲೇ ಇದ್ದೆ. ಸರ್ಕಾರಿ ವಕೀಲರು ‘ಆ ತಿಂಗಳು ನಿಮ್ಮ ಮನೇಲಿ ಯಾರಾದ್ರೂ ತೀರ್ಕೊಂಡಿದ್ರಾ’ ಎಂದು ಕೇಳಿದರು. ಇಲ್ಲ ಸ್ವಾಮಿ ಎಂದೆ. ದೇವರ ಮೇಲೆ ಪ್ರಮಾಣ ಮಾಡಿಸಿದ್ದರು. ಇರುವುದನ್ನು ಹೇಳದೆ ಇನ್ನೇನು ಹೇಳಲಿ? ಅಪ್ಪ ಸತ್ತಾಗ ಬೋಳಿಸಿಕೊಂಡೆ, ಸರಿ. ಅವ್ವ ಕಣ್ಣೆದುರಿಗೆ ಕೂತಿರುವಾಗ, ಅವಳಿಗೆ ಸಲ್ಲಬೇಕಾದ ತಲೆಯನ್ನು ಯಾಕೆ ಬೋಳಿಸಿಕೊಂಡೆ? ಆವತ್ತಿನಿಂದ ಅವ್ವ ನಿನ್ನ ಹೆಸರು ಎತ್ತಿಲ್ಲ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾಳೆ, ಅಷ್ಟೇ.

ದೀಪಿಕಳಿಗೆ ಮದ್ದೂರಿನ ಗಂಡು ನಿಶ್ಚಯವಾಗಿದೆ. ಕೊಲೆ ಕೇಸು ಅವರಿಗೆ ಗೊತ್ತು, ವ್ಯಾಪಾರದ ಜಗಳ ಎಂದು ಗೊತ್ತು. ಆ ಇನ್ನೊಂದು ವಿಷಯ ಗೊತ್ತಿಲ್ಲ ಎಂದು ಕಾಣುತ್ತದೆ. ಮಗಳ ಮದುವೆ ಮುಗಿಯುವವರೆಗೆ ಗೊತ್ತಾಗದಿದ್ದರೆ ಸಾಕು ಎಂದು ನಿನ್ನ ಭಾವ. ನನಗೆ ಎರಡೂ ಕಡೆ ಭಯ.

ನಿನ್ನ ಅಕ್ಕ
ನಾಗಮಣಿ


ಕೇಂದ್ರ ಕಾರಾಗೃಹ
2–4–2024

ಅಕ್ಕನಿಗೆ ಪುಟ್ಟರಾಜುವಿನ ನಮಸ್ಕಾರ.

ನಿನ್ನ ಕಾಗದ ತಲುಪಿತು. ನೀನು ಕೋರ್ಟಿನಲ್ಲಿ ಹೇಳಿದ್ದಕ್ಕೆ ನಾನು ಬೇಸರ ಮಾಡಿಕೊಂಡಿದ್ದೇನೆ ಎಂದು ಅಂದುಕೊಳ್ಳಬೇಡ. ಅದರ ಮಾತು ಇನ್ನು ಬೇಡ.

ಇಲ್ಲಿ ಪರವಾಗಿಲ್ಲ. ನನಗೆ ಒಬ್ಬನಿಗೇ ಒಂದು ಕೋಣೆ ಕೊಟ್ಟಿದ್ದಾರೆ. ಮುದ್ದೆ ಕೊಡುತ್ತಾರೆ, ಒಳಗೆ ಹಿಟ್ಟು ಹಾಗೇ ಇರುತ್ತದೆ, ಅವ್ವ ನೋಡಿದರೆ ಕೋಲು ತೆಗೆದುಕೊಂಡು ಜೈಲಿನ ಅಡುಗೆಮನೆಗೇ ನುಗ್ಗುತ್ತಾಳೆ. ಕೆಳಗಿನ ಕೋರ್ಟು ನೇಣು ಎಂದ ಮಾತ್ರಕ್ಕೆ ನಾಳೆಯೇ ಹಾಕುವುದಿಲ್ಲ ಅಕ್ಕ, ಹೈಕೋರ್ಟು ಒಪ್ಪಬೇಕು. ವಕೀಲರು ಧೈರ್ಯವಾಗಿದ್ದಾರೆ, ನೀನೂ ಇರು.

ಒಂದು ಮುಖ್ಯ ವಿಷಯ. ವಕೀಲರ ಕಡೆಯಿಂದ ಸ್ವರೂಪ್ ಎನ್ನುವ ಹುಡುಗ ಊರಿಗೆ ಬರಬಹುದು. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಕೇಳುತ್ತಾನೆ, ಹೈಕೋರ್ಟಿಗೆ ಬರೆದುಕೊಡಬೇಕಂತೆ. ಎಸ್ಸೆಸ್ಸೆಲ್ಸಿ ಫೇಲು, ಗಾರೆ ಕೆಲಸ ಮಾಡಿದ, ಲಾರಿ ಕ್ಲೀನರ್ ಆಗಿದ್ದ, ಆಮೇಲೆ ಮದ್ದೂರು ರಸ್ತೆಯಲ್ಲಿ ಆಲೆಮನೆ ಗುತ್ತಿಗೆ ಹಿಡಿದು ಬೆಲ್ಲ ಕಾಯಿಸುತ್ತಿದ್ದ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಇಷ್ಟು ಹೇಳು. ಜೊತೆಗಿದ್ದವನ ಬಗ್ಗೆ ಕೇಳಿದರೆ ಪಾಲುದಾರ ಎನ್ನು. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ ಎಂದು ವಕೀಲರೇ ಹೇಳಿದ್ದಾರೆ.

ದೀಪಿಕಳಿಗೆ ಒಳ್ಳೆಯದಾಗಲಿ. ಅವ್ವ ಊಟ ಮಾಡುತ್ತಾಳಾ?

ಪುಟ್ಟರಾಜು


ಬೆಳಕವಾಡಿ
28–4–2024

ಪುಟ್ಟನಿಗೆ ಅಕ್ಕನ ಆಶೀರ್ವಾದ.

ಒಬ್ಬನಿಗೇ ಕೋಣೆ ಕೊಟ್ಟಿದ್ದಾರೆ ಎಂದು ಓದಿ ಸ್ವಲ್ಪ ಸಮಾಧಾನವಾಯಿತು. ಕಳ್ಳರು ಕೊಲೆಗಾರರ ಮಧ್ಯೆ ಹೇಗೆ ಮಲಗುತ್ತಾನೋ ಎಂದು ಯೋಚಿಸುತ್ತಿದ್ದೆ.

ಆ ಹುಡುಗ ಬಂದಿದ್ದ. ಸಣ್ಣವನು, ಮಂಡ್ಯದವನಂತೆ, ಹೆಗಲಿಗೊಂದು ಬ್ಯಾಗು. ನಾನು ಕಾಫಿ ಕೊಟ್ಟು ನೀನು ಹೇಳಿಕೊಟ್ಟಿದ್ದನ್ನೆಲ್ಲ ಒಪ್ಪಿಸಿದೆ. ಬರೆದುಕೊಂಡ. ಆಮೇಲೆ ಪೆನ್ನು ಮುಚ್ಚಿ, ‘ತೀರ್ಕೊಂಡ ಅಶೋಕ್ ಅವರು ಈ ಮನೆಗೆ ಬರ್ತಿದ್ರಾ ಅಕ್ಕಾ’ ಎಂದ. ನಿನ್ನ ಭಾವ ಎದ್ದು ನಿಂತರು.

‘ಏಳಪ್ಪ ಮ್ಯಾಕೆ. ಮಗಳ ಮದ್ವೆ ಮಡೀಕಂಡಿವ್ನಿ ನಾನು. ನೇಣ್ ಆಕಿ ಅಂತ ಬರ್ದ್ ಮ್ಯಾಲೆ ಇನ್ನೇನ್ ಕೆದ್ಕದು ನೀವು?’

‘ಆ ನೇಣನ್ನ ತಪ್ಪಿಸೋಕೇ ಬಂದಿರೋದು ಯಜಮಾನ್ರೇ.’

‘ನಮ್ ಮಾನ ಕಳ್ದಾ?’

ಹುಡುಗ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟ. ನೀರಿನ ಬಾಟಲು ಬಿಟ್ಟು ಹೋಗಿದ್ದ, ಅದೇ ನೆಪಕ್ಕೆ ನಾನು ಬಸ್ ನಿಲ್ದಾಣದವರೆಗೆ ಓಡಿದೆ. ಆಗ ಅವನು ಹೇಳಿದ್ದು ಇದು. ‘ಅಕ್ಕಾ, ಪೊಲೀಸ್ನೋರ ಹತ್ರ ಇರೋದು ಹೊಟ್ಟೆಕಿಚ್ಚಿನ ಕಥೆ, ಅದಕ್ಕೆ ಆ ಬೋಳು ತಲೆ ಸಾಕ್ಷಿ. ತಲೆ ಬೋಳಿಸಿದ್ದು ಓಡಿಹೋಗೋಕಲ್ಲ ಅಂತ ಮನೆಯೋರು ಯಾರಾದ್ರೂ ಹೇಳಿದ್ರೆ ಕೇಸೇ ಬೇರೆ ಆಗುತ್ತೆ. ಪುಟ್ಟರಾಜು ಅವರಂತೂ ಬಾಯಿ ಬಿಡ್ತಿಲ್ಲ.’

ವಕೀಲರೇ ಬೇಡ ಎಂದಿದ್ದಾರೆ ಎಂದು ನೀನು ಬರೆದಿದ್ದೀಯ. ಈ ಹುಡುಗ ಬೇಕು ಎನ್ನುತ್ತಾನೆ. ಯಾವುದು ನಿಜ? ನಾನು ಯಾರನ್ನು ನಂಬಲಿ? ನೀನು ಯಾಕೆ ಬೋಳಿಸಿಕೊಂಡೆ ಎಂದು ನನಗಾದರೂ ತಿಳಿಸಿದರೆ, ಹೇಳಬೇಕೋ ಬೇಡವೋ ಎಂದು ಆಮೇಲೆ ನೋಡೋಣ. ನಾನು ಹೆದರುವವಳು ಎಂದು ನಿನಗೆ ಗೊತ್ತು. ಗೊತ್ತಿಲ್ಲದ್ದಕ್ಕೆ ಇನ್ನೂ ಹೆಚ್ಚು ಹೆದರುತ್ತೇನೆ.

ನಾಗಮಣಿ


ಕೇಂದ್ರ ಕಾರಾಗೃಹ
21–5–2024

ಅಕ್ಕ,

ಆ ಹುಡುಗನನ್ನು ಇನ್ನು ಮಾತಾಡಿಸಬೇಡ. ಬಸ್ ನಿಲ್ದಾಣಕ್ಕೆ ಓಡಬೇಡ. ಮೊದಲು ದೀಪಿಕಳ ಮದುವೆ ಆಗಲಿ.

ನೀನು ಕೋರ್ಟಿನಲ್ಲಿ ಹೇಳಿದ್ದು ಹೇಳಿಯಾಗಿದೆ. ಮತ್ತೆ ಮತ್ತೆ ಯಾಕೆ ಯಾಕೆ ಎಂದು ಕೇಳಿದರೆ ನಾನು ಕಾಗದ ಬರೆಯುವುದಿಲ್ಲ.

ಪುಟ್ಟರಾಜು


ಬೆಳಕವಾಡಿ
25–8–2024

ಪುಟ್ಟನಿಗೆ,

ನಾನು ಹಾಕಿದ ಎರಡು ಕಾಗದಕ್ಕೂ ಉತ್ತರವಿಲ್ಲ. ಕೋಪ ಎಂದುಕೊಂಡೆ. ಆಮೇಲೆ ಕಾಯಿಲೆ ಎಂದುಕೊಂಡೆ. ಆಮೇಲೆ ನಮಗೆ ತಿಳಿಸದೆಯೇ ಎಲ್ಲ ಮುಗಿಸಿಬಿಟ್ಟರೋ ಎಂದುಕೊಂಡೆ. ನಿನ್ನ ಭಾವನಿಗೆ ಮಳವಳ್ಳಿ ಆಸ್ಪತ್ರೆಗೆ ಎಂದು ಹೇಳಿ ನಿನ್ನನ್ನು ನೋಡಲು ಬಂದೆ.

ನೀನು ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಬಂದು ತಿಳಿಸಿದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಆಗ್ಬೇಕಮ್ಮ ಅವನಿಗೆ? ಅಕ್ಕಾನಾ? ಬರಲ್ವಂತೆ ಹೋಗು. ಹೆಂಡ್ತಿ ಆಗಿದ್ರೆ ಬರ್ತಿದ್ದ ಅನ್ನೋ ಹಾಗೂ ಇಲ್ಲವಲ್ಲಪ್ಪ ಈ ಗಿರಾಕಿ’ ಎಂದು ಪಕ್ಕದವನ ಕಡೆ ತಿರುಗಿದ. ಇಬ್ಬರೂ ನಕ್ಕರು. ಸಾಲಿನಲ್ಲಿ ನಿಂತಿದ್ದ ಹೆಂಗಸರೂ ನಕ್ಕರು. ಮಗನನ್ನು ನೋಡಲು ಬಂದಿದ್ದ ಒಬ್ಬಳು ನನ್ನಿಂದ ಸ್ವಲ್ಪ ದೂರ ಸರಿದು ನಿಂತಳು. ಅವಳ ಮಗ ಏನು ಮಾಡಿ ಒಳಗೆ ಹೋಗಿದ್ದನೋ, ನನಗೆ ಗೊತ್ತಿಲ್ಲ.

ಅಷ್ಟು ದೂರ ಬಸ್ಸಿನಲ್ಲಿ ಕೂತು ವಾಪಸು ಬರುವಾಗ ಒಂದು ಯೋಚನೆ ಬಂತು. ಅವರು ದಿನಾ ನಗುತ್ತಾರೆ. ನೀನು ದಿನಾ ಕೇಳುತ್ತೀಯ. ನನಗೆ ‘ಇಲ್ಲಿ ಪರವಾಗಿಲ್ಲ’ ಎಂದು ಬರೆಯುತ್ತೀಯ.

ಪುಟ್ಟ, ಜೈಲಿನವರು ಈ ಕಾಗದ ಓದಿದರೆ ಓದಲಿ. ಜಡ್ಜ್ ಬರೆದದ್ದು ನಿಜವಾ? ಕೊಲೆಯ ಮಾತಲ್ಲ, ಅದನ್ನು ನೀನು ಮಾಡಿಲ್ಲ ಎಂದು ನನಗೆ ಗೊತ್ತು, ಇರುವೆ ಸಾಲನ್ನು ದಾಟಿಕೊಂಡು ಹೋಗುವವನು ನೀನು. ಆ ಇನ್ನೊಂದು. ನಾನು ಕೇಳುವುದಕ್ಕೆ ನನಗೇ ನಾಚಿಕೆ, ಆದರೂ ಕೇಳುತ್ತಿದ್ದೇನೆ. ಅಶೋಕ ನಿನಗೆ ಏನಾಗಬೇಕಾಗಿತ್ತು?

ಅಕ್ಕ


ಕೇಂದ್ರ ಕಾರಾಗೃಹ
19–9–2024

ಅಕ್ಕನಿಗೆ ಪುಟ್ಟನ ನಮಸ್ಕಾರ.

ಈ ಮೂರು ವರ್ಷದಲ್ಲಿ ಅವನ ಹೆಸರನ್ನು ನೀನು ನಿನ್ನದೇ ಮಾತಾಗಿ ಬರೆದದ್ದಾಗಲಿ, ಬಾಯಲ್ಲಿ ಆಡಿದ್ದಾಗಲಿ ಇದೇ ಮೊದಲು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಇದು ನಿನಗೆ ಮಾತ್ರ, ಕೋರ್ಟಿಗಲ್ಲ.

ಹೌದು. ಜಡ್ಜ್ ಬರೆದದ್ದರಲ್ಲಿ ಅದೊಂದು ನಿಜ, ಆದರೆ ಅವರು ಬರೆದ ಹಾಗಲ್ಲ. ಆಲೆಮನೆಯ ಪಕ್ಕದ ಕೋಣೆಯಲ್ಲಿ ನಾವಿಬ್ಬರೂ ನಾಲ್ಕು ವರ್ಷ ಸಂಸಾರ ಮಾಡಿದೆವು. ಪಾಕದ ಹದ ಅವನಿಗೆ ಗೊತ್ತಿದ್ದಷ್ಟು ನನಗೆ ಗೊತ್ತಾಗಲಿಲ್ಲ. ‘ನಿಂದು ಬರೀ ಅವಸರ ಕಣ್ಲಾ, ಬೆಲ್ಲ ಅನ್ನದು ಬಸ್ಸಲ್ಲ, ಓಡೋಗಕಿಲ್ಲ’ ಎಂದು ಬೈಯುತ್ತಿದ್ದ. ಅವನ ಸಾರು ಬಾಯಿಗೆ ಇಡಲಾಗುತ್ತಿರಲಿಲ್ಲ, ಉಪ್ಪೋ ಉಪ್ಪು. ಕೆರಗೋಡಿನಲ್ಲಿ ಅವರಮ್ಮ ಯಶೋದಮ್ಮ ಹೆಣ್ಣು ನೋಡುತ್ತಿದ್ದರು. ಇವನು ಬೇಡ ಎಂದು ಹೇಳಿ ಬಂದಿದ್ದ. ಹೆಣ್ಣು ನೋಡಿದ್ದು ಮಾತ್ರ ಕೋರ್ಟಿಗೆ ಹೋಯಿತು, ಬೇಡ ಎಂದದ್ದು ಹೋಗಲಿಲ್ಲ. ಮದುವೆಯಾಗುತ್ತಾನೆ ಎಂಬ ಹೊಟ್ಟೆಕಿಚ್ಚಿಗೆ ನಾನು ಅವನನ್ನು ಕುದಿಯುವ ಕೊಪ್ಪರಿಗೆಗೆ ತಳ್ಳಿದೆನಂತೆ.

ಅದಕ್ಕೆ ಮುಂಚಿನ ತಿಂಗಳು ಬೈಕಿನಲ್ಲಿ ಮೂವರು ಬಂದು ಅವನನ್ನು ಹೊಡೆದು ಹೋಗಿದ್ದರು. ‘ಇಲ್ಲಿಂದ ಎದ್ದು ಓಗಿ, ಇಲ್ದಿದ್ರೆ ಸುಟ್ಟಾಕ್ತೀವಿ’ ಎಂದಿದ್ದರು. ದೂರು ಕೊಡಲು ಹೋದೆವು. ಮೇಜಿನ ಹಿಂದೆ ಕೂತವನು ಪೂರ್ತಿ ಕೇಳಿಸಿಕೊಂಡು, ‘ಗಂಡ ಯಾರು ಹೆಂಡ್ತಿ ಯಾರು ಅಂತ ಮೊದ್ಲು ಬರ್ಕೊಡಿ, ಆಮೇಲೆ ಮಿಕ್ಕಿದ್ದು’ ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾವು ಎದ್ದು ಬಂದೆವು.

ಅವನು ಸತ್ತ ದಿನ ನಾನು ಬೆಲ್ಲ ಹಾಕಿಕೊಂಡು ಮಂಡ್ಯದ ಮಂಡಿಗೆ ಹೋಗಿದ್ದೆ. ಆಳುಗಳು ಊಟಕ್ಕೆ ಹೋಗಿದ್ದರು, ಪಾಕ ಇಳಿಸಲು ಅವನೊಬ್ಬನೇ ಇದ್ದ. ನಾನು ಬಂದಾಗ ಅವನು ಕೊಪ್ಪರಿಗೆಯಲ್ಲಿದ್ದ. ಹೇಗಿದ್ದ ಎಂದು ಬರೆಯುವುದಿಲ್ಲ. ನಾನೇ ಎತ್ತಿದೆ. ನನ್ನ ತೋಳು ಸುಟ್ಟದ್ದನ್ನೂ ತಳ್ಳಿದ್ದಕ್ಕೆ ಸಾಕ್ಷಿ ಎಂದು ಬರೆದುಕೊಂಡರು. ಬೈಕಿನವರನ್ನು ಯಾರೂ ಹುಡುಕಲಿಲ್ಲ.

ಅವರ ಕಡೆಯವರು ಹೆಣ ತೆಗೆದುಕೊಂಡು ಹೋದರು. ನಮ್ಮ ಕೇರಿ ಬೇರೆ, ಅವರದು ಬೇರೆ. ಅದೊಂದಲ್ಲದೆ ಈ ಹೆಸರೂ ಬಂದಿತ್ತು. ಊರೊಳಗೆ ಕಾಲಿಡಲು ಬಿಡಲಿಲ್ಲ. ಹನ್ನೊಂದನೇ ದಿನ ಅಲ್ಲಿ ಅವನ ತಿಥಿ ನಡೆಯುತ್ತಿದ್ದಾಗ ನಾನು ಈಚೆ ಶಿಂಷಾ ಹೊಳೆಯ ದಂಡೆಯಲ್ಲಿ ತಲೆ ಬೋಳಿಸಿಕೊಂಡೆ. ಅವನಿಗೆ ಮಕ್ಕಳಿರಲಿಲ್ಲ. ಇನ್ನು ಯಾರು ಬೋಳಿಸಿಕೊಳ್ಳಬೇಕಾಗಿತ್ತು? ಕ್ಷೌರದವನು ‘ಯಾರಪ್ಪ ಸತ್ತೋದೋರು’ ಎಂದು ಕೇಳಿದ. ಬಾಯಿ ಬರಲಿಲ್ಲ. ಮುಳುಗಿ ಎದ್ದಾಗ ದಂಡೆಯ ಮೇಲೆ ಪೊಲೀಸರಿದ್ದರು.

ಯಾಕೆ ಬೋಳಿಸಿದೆ ಎಂದು ಜಡ್ಜ್ ಕೂಡ ಕೇಳಿದರು ಅಕ್ಕ. ನೀನು ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ, ಭಾವ ತಲೆ ತಗ್ಗಿಸಿದ್ದರು. ‘ಸೆಕೆಗೆ’ ಎಂದೆ.

ಪುಟ್ಟರಾಜು


ಬೆಳಕವಾಡಿ
13–10–2024

ಪುಟ್ಟನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದಾಗ ನಿನ್ನ ಭಾವ ಗದ್ದೆಯಲ್ಲಿದ್ದರು, ದೀಪಿಕ ಕಾಲೇಜಿಗೆ ಹೋಗಿದ್ದಳು. ಹಿತ್ತಲಲ್ಲಿ ನಿಂತು ಓದಿದೆ. ಓದುತ್ತಾ ಓದುತ್ತಾ ಕಲ್ಲಿನ ಮೇಲೆ ಕೂತುಬಿಟ್ಟೆ. ನನಗೆ ಅಸಹ್ಯ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಏನೋ ಆಯಿತು. ಉಪ್ಪು ಸಾರಿನ ಸಾಲಿಗೆ ಬರುವಷ್ಟರಲ್ಲಿ ಅಳು ಬಂತು. ಅಂಥ ಸಾರು ನನಗೂ ಗೊತ್ತು, ಇಪ್ಪತ್ತೆರಡು ವರ್ಷದಿಂದ ಬೈಸಿಕೊಳ್ಳುತ್ತಿದ್ದೇನೆ.

ಅವ್ವ ಜಗಲಿಯಿಂದಲೇ ಕೂಗಿದಳು. ‘ಪುಟ್ಟನ್ ಕಾಗ್ಜವೇನೆ? ಗಟ್ಟಿಯಾಗ್ ಓದು.’

ಹೆದರುತ್ತಲೇ ಜಗಲಿಗೆ ಬಂದೆ. ಹೇಗಿದ್ದೀರಿ, ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿದೆ, ಎಂದು ಬಾಯಿಗೆ ಬಂದದ್ದನ್ನು ಓದಿದೆ. ಅವ್ವ ಎಲೆ ಮಡಿಸುವುದನ್ನು ನಿಲ್ಲಿಸಿದಳು.

‘ಅಷ್ಟ್ ಯೋಳಕ್ಕೆ ಮೂರ್ ಹಾಳೆ ಬರ್ದವ್ನಾ? ನಡೂಕ್ ಬುಟ್ಟೆ ನೀನು. ಅಶೋಕನ್ ಇಸ್ಯ ಓದೇ.’

‘ನಿಂಗ್ ಗೊತ್ತಾ ಅವ್ವ?’

‘ಅಬ್ಬ ಅಬ್ಬಕ್ಕೂ ಬೆಲ್ಲ ತಂದ್ಕೊಟ್ಟು ನನ್ ಕಾಲ್ತಾವ ಕೂತ್ಕಂಡು ಎಲಡ್ಕೆ ಮೆಲ್ತಿದ್ದ. ನಾನೇನ್ ಕುರುಡಿ ಕೆಟ್ಟೋದ್ನಾ?’

ಪೂರ್ತಿ ಓದಿದೆ. ತಲೆ ಬೋಳಿಸಿಕೊಂಡ ಜಾಗಕ್ಕೆ ಬಂದಾಗ, ‘ತಪ್ಪು ಮಾಡ್ಬುಟ್ಟ ಅವ್ವ, ನೀನಿರುವಾಗ’ ಎಂದೆ. ಅವ್ವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣೊಳಗಿದೆ.

‘ತಪ್ಪೆಂಗಾದದು? ನನ್ ಕೇಳೇ ಬೋಳಿಸ್ಕಂಡಿದ್ದು ಅವ್ನು. ಮುಂಚಿನ್ ದಿನ ಪೋನ್ ಮಾಡಿದ್ದ. ಅವ್ವ, ನಿಂಗ್ ಕೊಡ್ಬೇಕಾದ್ ತಲೆಯ ಅಶೋಕನ್ಗೆ ಕೊಡ್ಲಾ ಅಂದ. ಅಳ್ತಿದ್ದ ಕಣೆ. ಕೊಡೋ ಮಗ, ನಾನಿನ್ನೂ ಗಟ್ಟಿಯಾಗಿವ್ನಿ, ನಾನ್ ಓಗಗಂಟ ಮತ್ ಬೆಳೀತದೆ ಅಂದೆ.’

‘ಕೋರ್ಟಲ್ಲಿ ಯಾಕವ್ವ ಯೋಳ್ಲಿಲ್ಲ?’

‘ನನ್ ಕೇಳ್ದೋರ್ ಯಾರು? ಓದ್ದೋಳು ಅಂತ ನಿನ್ ಕರ್ಕಂಡೋದ್ರು. ನೀ ಏನ್ ಯೋಳ್ದೆ ಅಂತ್ಲೂ ನಂಗ್ಯಾರೂ ಯೋಳ್ಲಿಲ್ಲ. ಎಲ್ರೂ ಇಸ್ಯ ಮುಚ್ಕಂಡ್ ಓಡಾಡದ್ ನೋಡಿ, ಅಂಗೇ ಇರ್ಲಿ ಅಂತ ಅವ್ನೇ ಅಂದಿರ್ಬೇಕು ಅಂದ್ಕಂಡೆ.’

ಪುಟ್ಟ, ಅವ್ವ ಕೋಪದಲ್ಲಿದ್ದಾಳೆ ಎಂದು ನಿನಗೆ ಬರೆಯುತ್ತಿದ್ದೆನಲ್ಲ, ನಾನು ಏನನ್ನು ನೋಡಿ ಹಾಗೆ ಬರೆದೆನೋ. ನಾಳೆ ಆ ಹುಡುಗನಿಗೆ ಫೋನು ಮಾಡು ಎಂದು ಕೂತಿದ್ದಾಳೆ. ಏನು ಮಾಡಲಿ? ಬೇಗ ಬರೆ. ಅವಳು ಕಾಯುವವಳಲ್ಲ.

ನಾಗಮಣಿ


ಕೇಂದ್ರ ಕಾರಾಗೃಹ
4–11–2024

ಅಕ್ಕ,

ಬೇಡ. ಕಾಲಿಗೆ ಬೀಳುತ್ತೇನೆ. ಫೋನಿನ ವಿಷಯ ನಾನು ವಕೀಲರಿಗೂ ಹೇಳಿರಲಿಲ್ಲ, ಅವ್ವನನ್ನು ಎಳೆಯುತ್ತಾರೆ ಎಂದೇ.

ಒಬ್ಬನಿಗೇ ಕೋಣೆ ಎಂದರೆ ಸುಖ ಎಂದು ನೀನು ಬರೆದಿದ್ದೆ. ಅದು ನೇಣಿನವರನ್ನು ಇಡುವ ಕೋಣೆ. ಮಿಕ್ಕ ನೇಣಿನವರು ಸಂಜೆ ಒಟ್ಟಿಗೆ ಅಂಗಳದಲ್ಲಿ ನಡೆಯುತ್ತಾರೆ, ನನ್ನನ್ನು ಅವರ ಜೊತೆ ಬಿಡುವುದಿಲ್ಲ, ಅವರೂ ಸೇರಿಸುವುದಿಲ್ಲ. ಮಗುವನ್ನು ಕೊಂದವನೊಬ್ಬ ಇದ್ದಾನೆ. ಅವನೂ ನನ್ನನ್ನು ಕಂಡರೆ ಉಗಿಯುತ್ತಾನೆ. ಇಲ್ಲೇ ಹೀಗಾದರೆ, ಕೋರ್ಟಿನಲ್ಲಿ ಕರಿ ಕೋಟಿನವರ ಮುಂದೆ ಅವ್ವನನ್ನು ನಿಲ್ಲಿಸಿ ಏನೇನು ಕೇಳುತ್ತಾರೆ ಯೋಚಿಸು. ನೇಣು ನನಗೆ ಒಂದು ಬೆಳಗ್ಗೆ. ಈ ಹೆಸರು ನಿಮಗೆ ಕೇರಿಯಲ್ಲಿ ಬದುಕಿರುವ ತನಕ. ದೀಪಿಕಳ ಮುಖ ನೋಡಿ ಸುಮ್ಮನಿರು.

ಪುಟ್ಟ


ಬೆಳಕವಾಡಿ
2–2–2025

ಪುಟ್ಟನಿಗೆ ಅಕ್ಕನ ಆಶೀರ್ವಾದ.

ಇಷ್ಟು ದಿನ ಬರೆಯದೆ ಇದ್ದದ್ದು ಬೇಕೆಂದೇ. ಬರೆದಿದ್ದರೆ ನೀನು ತಡೆಯುತ್ತಿದ್ದೆ. ಅವ್ವನ ಮಾತನ್ನೂ ನೀನು ಬರೆದಿದ್ದ ದೂರಿನ ವಿಷಯವನ್ನೂ ಸ್ವರೂಪ್ ಬರೆದುಕೊಂಡು ಹೋದ, ವಕೀಲರು ಹೈಕೋರ್ಟಿಗೆ ಕೊಟ್ಟರು, ತಾಯಿ, ಅಕ್ಕ ಇಬ್ಬರ ಸಾಕ್ಷಿ ತೆಗೆದು ಕಳಿಸಿ ಎಂದು ಅಲ್ಲಿಂದ ಕೆಳಗಿನ ಕೋರ್ಟಿಗೆ ಆಜ್ಞೆ ಬಂತು. ಹೋದ ವಾರ ಸಾಕ್ಷಿ ಹೇಳಿ ಬಂದೆವು. ನಿನ್ನನ್ನು ಪರದೆಯ ಮೇಲೆ ತೋರಿಸುತ್ತಾರೆ ಎಂದಿದ್ದರು, ಅದು ಕೆಟ್ಟಿತ್ತು. ಅಲ್ಲಿ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ತಿಳಿ.

ಅವ್ವ ಹಸಿರು ಸೀರೆ ಉಟ್ಟಿದ್ದಳು. ಮೊದಲು ಅವಳನ್ನೇ ಕರೆದರು. ಫೋನಿನ ಮಾತನ್ನು ನನಗೆ ಹೇಳಿದ ಹಾಗೇ ಹೇಳಿದಳು. ಆಮೇಲೆ ಸರ್ಕಾರಿ ವಕೀಲರು ಎದ್ದರು.

‘ಈ ಅಶೋಕ ನಿಮಗೆ ಏನಾಗಬೇಕು ಅಜ್ಜಿ?’

‘ನನ್ ಮಗನ್ ಜೊತೇಲ್ ಬಾಳ್ದೋನು. ನಂಗೂ ಮಗನೇಯ.’

‘ಓಹೋ. ಹಾಗಾದ್ರೆ ನಿಮ್ಮ ಪುಟ್ಟರಾಜುಗೆ ತಮ್ಮ ಆದ ಹಾಗಾಯ್ತು.’

ಹಿಂದೆ ಯಾರೋ ಕಿಸಕ್ಕೆಂದರು. ಅವ್ವ ತಿರುಗಿ ನೋಡಲಿಲ್ಲ.

‘ತಮ್ಮ ಅಂತ ನೀವ್ ಅಂದ್ಕಳಿ ಸ್ವಾಮಿ. ನಾನ್ ಅನ್ನಕಿಲ್ಲ. ಗೊತ್ತಿದ್ದೂ ಕೇಳ್ತಾ ಇವ್ರಿ ನೀವು.’

ಆಮೇಲೆ ನಾನು. ಸರ್ಕಾರಿ ವಕೀಲರು ನನ್ನ ಹಳೆಯ ಮಾತನ್ನು ಓದಿ, ‘ಆಗ ಯಾರೂ ಸತ್ತಿರಲಿಲ್ಲ ಅಂದ್ರಿ, ಈಗ ಸೂತಕ ಅಂತೀರಿ. ಆಗ ಸುಳ್ಳೋ, ಈಗ ಸುಳ್ಳೋ? ಸುಳ್ಳು ಸಾಕ್ಷಿಗೆ ಜೈಲಿದೆ, ಗೊತ್ತಾ’ ಎಂದರು. ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಏನು ಹೇಳಬೇಕೆಂದು ಸ್ವರೂಪ್ ಹೇಳಿಕೊಟ್ಟಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಇಷ್ಟೇ.

‘ಎಲ್ಡೂ ನಿಜ ಸ್ವಾಮಿ. ಆಗ ನನ್ ಮನೇಲಿ ಯಾರೂ ಸತ್ತಿರ್ಲಿಲ್ಲ. ಅವ್ನ್ ಮನೇಲಿ ಸತ್ತಿದ್ರು.’

ಬರೆದುಕೊಳ್ಳುವವನು ಒಂದು ಗಳಿಗೆ ಕೈ ನಿಲ್ಲಿಸಿದ. ಬರೆದುಕೋ ಎಂದು ಜಡ್ಜ್ ಹೇಳಿದರು.

ಅದೇ ಸಂಜೆ ಯಾವುದೋ ಮೊಬೈಲ್ ಸುದ್ದಿಯಲ್ಲಿ ನಮ್ಮ ಫೋಟೋ ಬಂತು. ಮಾರನೇ ದಿನ ಮದ್ದೂರಿನ ಬೀಗರು ಫೋನು ಮಾಡಿದರು. ‘ಕೊಲೆ ಅಂದ್ರೂ ಒಪ್ಕಂಡಿದ್ವಿ ಕಣ್ರೀ. ಇದ್ನ ಎಂಗ್ರೀ ಒಪ್ಕಳದು?’ ಎಂದರಂತೆ. ನಿನ್ನ ಭಾವ ಫೋನನ್ನು ಗೋಡೆಗೆ ಎಸೆದರು. ಊಟ ಮಾಡುತ್ತಾರೆ, ನನ್ನ ಜೊತೆ ಮಾತಿಲ್ಲ. ದೀಪಿಕ ಒಂದು ದಿನವೆಲ್ಲ ಕದ ಹಾಕಿಕೊಂಡಿದ್ದಳು. ಆಮೇಲೆ ಹೊರಗೆ ಬಂದು, ‘ಮಾವನ್ನ ಕೊಲೆಗಾರ ಅಂದಾಗ ಸಿಹಿ ತಿಂದ್ ಹೋಗಿದ್ರಲ್ಲಮ್ಮ ಅವ್ರು’ ಎಂದಳು. ಅಷ್ಟೇ ಅಂದದ್ದು. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ನನಗೆ ತಿಳಿಯುತ್ತಿಲ್ಲ. ಕೇಳಲು ಧೈರ್ಯವಿಲ್ಲ.

ನೀನು ಬೈದರೂ ಸರಿ, ಕಾಗದ ಬರೆ.

ಅಕ್ಕ


ಕೇಂದ್ರ ಕಾರಾಗೃಹ
23–2–2025

ಅಕ್ಕ,

ಬೈಯಬೇಕು ಎಂದು ಕೂತೆ. ಆಗಲಿಲ್ಲ. ‘ಅವ್ನ್ ಮನೇಲಿ’ ಎಂದೆಯಾ? ಹಾಗೇ ಎಂದೆಯಾ?

ಹೆಚ್ಚು ಬರೆಯಲು ಆಗುತ್ತಿಲ್ಲ. ದೀಪಿಕಳಿಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ.

ಪುಟ್ಟ


ಬೆಳಕವಾಡಿ
15–6–2025

ಪುಟ್ಟನಿಗೆ ಅಕ್ಕನ ಆಶೀರ್ವಾದ.

ಜೈಲಿನವರು ನಿನಗೆ ವಿಷಯ ಮುಟ್ಟಿಸಿದ್ದಾರೆ ಎಂದು ಸ್ವರೂಪ್ ಹೇಳಿದ. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ.

ನಾನು, ಅವ್ವ, ದೀಪಿಕ ಮೂವರೂ ಹೈಕೋರ್ಟಿಗೆ ಹೋಗಿದ್ದೆವು. ದೀಪಿಕ ತಾನೇ ಬಂದಳು, ನಾನು ಕರೆದಿರಲಿಲ್ಲ. ಇಬ್ಬರು ಜಡ್ಜ್‌ಗಳು ಕೂತಿದ್ದರು. ಎಲ್ಲ ಇಂಗ್ಲಿಷು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ನನಗೆ ಗೊತ್ತಿದ್ದದ್ದು ‘ಹ್ಯಾಂಗ್’ ಎನ್ನುವ ಒಂದೇ ಮಾತು. ಅದು ಕಿವಿಗೆ ಬಿತ್ತು. ಆಯಿತು, ಮುಗಿಯಿತು ಎಂದು ಬೆಂಚು ಹಿಡಿದುಕೊಂಡೆ. ದೀಪಿಕ ನನ್ನ ತೋಳು ಜಗ್ಗಿ ಕಿವಿಯಲ್ಲಿ, ‘ಅಮ್ಮ, ಇಲ್ಲ ಅಂತಿದ್ದಾರೆ. ಹಾಕಬಾರದು ಅಂತಿದ್ದಾರೆ’ ಎಂದಳು. ನಾನು ನಂಬಲಿಲ್ಲ. ಹೊರಗೆ ಬಂದ ಮೇಲೆ ಸ್ವರೂಪನ ಅಂಗಿ ಹಿಡಿದು ಮತ್ತೆ ಮತ್ತೆ ಕೇಳಿದೆ, ಗುಂಡಿ ಕಿತ್ತುಹೋಯಿತು.

ಅವನು ತಿಳಿಸಿ ಹೇಳಿದ್ದು ಇಷ್ಟು. ಆ ನೇಣು ರದ್ದಾಯಿತು. ಅಪರಾಧಿ ಎಂದದ್ದೂ ರದ್ದು. ಕೆಳಗಿನ ಕೋರ್ಟು ನೀನು ಮಾಡಿದ್ದೇನು ಎಂದು ನೋಡದೆ ನೀನು ಎಂಥವನು ಎಂದು ನೋಡಿ ಶಿಕ್ಷೆ ಕೊಟ್ಟಿದೆಯಂತೆ. ಬೇರೆ ಜಡ್ಜ್ ಮುಂದೆ ಕೇಸು ಮೊದಲಿನಿಂದ ನಡೆಯಬೇಕು, ನೀವು ಕೊಡಲು ಹೋದ ದೂರನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದೂ ವಿಚಾರಿಸಬೇಕು. ಅಲ್ಲಿಯವರೆಗೆ ನೀನು ಜೈಲಿನಲ್ಲೇ ಇರಬೇಕು, ಆದರೆ ಆ ಕೋಣೆಯಲ್ಲಲ್ಲ.

ಪುಟ್ಟ, ಜನ ಇದನ್ನು ಗೆದ್ದಂತೆ ಎನ್ನುತ್ತಾರೆ. ನನಗೆ ಭಯ ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಹೊಸ ಜಡ್ಜ್ ಕೂಡ ಹಾಗೇ ಬರೆದರೆ? ಬೈಕಿನವರು ಸಿಗದೇ ಹೋದರೆ? ಎಲ್ಲರ ಜೊತೆ ಬ್ಯಾರಕ್ಕಿಗೆ ಹಾಕಿದ ಮೇಲೆ ನಿನಗೆ ಯಾರಾದರೂ ಏನಾದರೂ ಮಾಡಿದರೆ? ಮೊನ್ನೆ ನಿನ್ನ ಭಾವ ನಾಲ್ಕೂವರೆ ತಿಂಗಳಿಗೆ ಮೊದಲ ಸಲ ಮಾತಾಡಿದರು. ‘ಮುಂದಿನ್ ವಾಯಿದೆ ಯಾವತ್ತಂತೆ?’ ಎಂದರು. ಉತ್ತರ ಹೇಳಲು ನನಗೆ ದಿನವೇ ಗೊತ್ತಿರಲಿಲ್ಲ.

ಅವ್ವ ಪಕ್ಕದಲ್ಲೇ ಕೂತಿದ್ದಾಳೆ. ತಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ನಡುವೆ ಒಂದನ್ನೂ ಬಿಡಬಾರದಂತೆ. ಬರೆಯುತ್ತಿದ್ದೇನೆ.

‘ಲೋ ಪುಟ್ಟ. ನಿನ್ ಬದ್ಲು ನಾನೊಂದ್ ಸಲ ಯೋಳಾಯ್ತು, ನಿಮ್ಮಕ್ಕ ಒಂದ್ ಸಲ ಯೋಳಾಯ್ತು. ಈ ಸಲ ಜಡ್ಜ್ ಕೇಳ್ದಾಗ ಅಶೋಕ ನಿಂಗೇನಾಗ್ಬೇಕು ಅಂತ ನಿನ್ ಬಾಯಲ್ಲಿ ನೀನೇ ಯೋಳು. ನನ್ ಮಂಡಿ ಇಡ್ಕಂಡದೆ, ಸಲಸಲಕ್ಕೂ ಬಸ್ ಅತ್ತಕ್ ನನ್ ಕೈಲಾಗಕಿಲ್ಲ.’